ಮಂಚದಿಂದ ಬಿದ್ದ ಮಗುವೂ ನಮ್ಮ ವಿಧಿವಾದವೂ

ಮಗುವೊಂದು ಎರಡಂತಸ್ತಿನ ಮಂಚದ ಮೇಲಿನಿಂದ ಬಿದ್ದು ತಲೆ ಒಡೆದುಕೊಂಡರೆ ನಮ್ಮಲ್ಲಿ ಮೊದಲು ಕೇಳಿ ಬರುವ ಮಾತು ‘ತಕ್ದೀರ್’. ಎರಡನೆಯದು ‘ಸಬರ್’. ಮೂರನೆಯ ಮಾತಿಲ್ಲ. ಆ ಮಂಚವನ್ನು ತಯಾರಿಸಿದವರು ಯಾರು, ಖರೀದಿಸಿದವರು ಯಾರು, ಅದರ ಅಂಚಿಗೆ ತಡೆಗಂಬಿ ಏಕಿರಲಿಲ್ಲ, ಇದ್ದದ್ದು ಮುರಿದು ಎಷ್ಟು ದಿನಗಳಾಗಿದ್ದವು ಎಂಬ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಎತ್ತಿದವನನ್ನು ವಿಶ್ವಾಸ ದುರ್ಬಲವಾದವನಂತೆ ನೋಡಲಾಗುತ್ತದೆ. ಮನೆಯಲ್ಲಿ ಬಿದ್ದರೆ ತಾಯಿಯ ಅಜಾಗ್ರತೆ, ಹಾಸ್ಟೆಲಿನಲ್ಲಿ ಬಿದ್ದರೆ ಹುಡುಗನ ಕಪಿಚೇಷ್ಟೆ, ಇವೆರಡೂ ಹೊಂದದಿದ್ದರೆ ವಿಧಿ. ಹೊಣೆಗಾರನೊಬ್ಬನನ್ನು ಬಿಟ್ಟು ಉಳಿದೆಲ್ಲರೂ ಈ ಪಟ್ಟಿಯಲ್ಲಿ ಬರುತ್ತಾರೆ.

ನಾನು ಓದಿದ ವಸತಿ ಮದ್ರಸದ ಉದ್ದನೆಯ ಹಾಲಿನಲ್ಲಿ ಕಬ್ಬಿಣದ ಎರಡಂತಸ್ತಿನ ಮಂಚಗಳ ಎರಡು ಸಾಲುಗಳಿದ್ದವು. ದೊಡ್ಡವರು ಕೆಳಗೆ, ಚಿಕ್ಕವರು ಮೇಲೆ. ಇದು ಎಲ್ಲ ಹಾಸ್ಟೆಲುಗಳ ಅಲಿಖಿತ ಕಾನೂನು. ಹತ್ತಿಳಿಯುವ ತೊಂದರೆ ದೊಡ್ಡವರಿಗೆ ಬೇಡವಷ್ಟೆ. ಒಂದು ಮಂಚದ ತಡೆಗಂಬಿಯ ಬೆಸುಗೆ ಬಿಟ್ಟು ಹೋಗಿತ್ತು. ಅದರ ಜಾಗದಲ್ಲಿ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಕಟ್ಟಿದ್ದರು. ಕೆಲವು ವಾರ ಹಾಗೆಯೇ ನಡೆಯಿತು. ಒಂದು ದಿನ ಫಜ್ರ್ ನಮಾಝಿಗೆ ಎಬ್ಬಿಸುವ ಗಂಟೆಯ ಸದ್ದಿಗೆ ಬೆಚ್ಚಿ ಎದ್ದ ಒಂಬತ್ತು ವರ್ಷದ ಹುಡುಗ ಕತ್ತಲಲ್ಲಿ ಹಗ್ಗದ ಮೇಲೆ ಕೈಯೂರಿದ. ಹಣೆ ಸಿಮೆಂಟು ನೆಲಕ್ಕೆ ಬಡಿದು ಎಲುಬು ಕಾಣುವಷ್ಟು ಸೀಳಿತು. ಹಮಾಲಿ ಕೆಲಸದ ತಂದೆ ಸಂಜೆಯ ಬಸ್ಸಿಗೆ ಬಂದರು. ಆಫೀಸಿನಲ್ಲಿ ಅವರಿಗೆ ಚಹಾ ಕೊಟ್ಟು, ಅಲ್ಲಾಹನ ತೀರ್ಮಾನಕ್ಕೆ ತಲೆಬಾಗುವವನ ಪದವಿ ಎಷ್ಟು ದೊಡ್ಡದೆಂದು ವಿವರಿಸಲಾಯಿತು. ಅವರು ಎಲ್ಲರ ಕೈ ಹಿಡಿದು ವಂದಿಸಿ, ಮಗನನ್ನು ಕರೆದುಕೊಂಡು ಹೊರಟು ಹೋದರು. ಮರುದಿನ ಮಧ್ಯಾಹ್ನ ವೆಲ್ಡಿಂಗ್ ಅಂಗಡಿಯವನು ಬಂದು ಹತ್ತು ನಿಮಿಷಗಳಲ್ಲಿ ಆ ಕಂಬಿಯನ್ನು ಬೆಸೆದು ಹೋದ.

ಹತ್ತು ನಿಮಿಷ. ವಿಧಿಯನ್ನು ತಿದ್ದಲು ಬೇಕಾದದ್ದು ಅಷ್ಟೇ ಆಗಿತ್ತು.

ನಾವು ಇಷ್ಟು ಹಗುರವಾಗಿ ನೋಡುವ ಈ ಮಂಚದ ಬಗ್ಗೆ ಹೊರಗಿನ ಜಗತ್ತು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದೆ. ಬ್ರಿಟನ್ 1987ರಲ್ಲೇ ಕೇವಲ ಎರಡಂತಸ್ತಿನ ಮಂಚಗಳಿಗಾಗಿ, ಅವುಗಳ ಸಂದುಗಳಲ್ಲಿ ಮಕ್ಕಳು ಸಿಲುಕದಂತೆ ಪ್ರತ್ಯೇಕ ಸುರಕ್ಷತಾ ನಿಯಮಗಳನ್ನು ತಂದಿತು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗವು 1999ರಲ್ಲಿ ಕಡ್ಡಾಯ ನಿಯಮ ರೂಪಿಸಿತು. ನೆಲದಿಂದ 30 ಅಂಗುಲಕ್ಕಿಂತ ಎತ್ತರದ ಮೇಲಂತಸ್ತಿಗೆ ಎರಡೂ ಬದಿ ತಡೆಗಂಬಿ ಇರಬೇಕು, ಗೋಡೆಯ ಬದಿಯದ್ದು ಮಂಚದ ಉದ್ದಕ್ಕೂ ಅಖಂಡವಾಗಿರಬೇಕು, ಕಂಬಿಯ ಮೇಲಂಚು ಹಾಸಿಗೆಯ ಮೇಲ್ಮೈಗಿಂತ ಕನಿಷ್ಠ 5 ಅಂಗುಲ ಎತ್ತರದಲ್ಲಿರಬೇಕು, ಮೇಲಂತಸ್ತಿನ ಸಂದುಗಳು ಮೂರೂವರೆ ಅಂಗುಲ ಮೀರಬಾರದು, ಆರು ವರ್ಷಕ್ಕಿಂತ ಚಿಕ್ಕವರನ್ನು ಮೇಲೆ ಮಲಗಿಸಬಾರದೆಂಬ ಎಚ್ಚರಿಕೆಯ ಚೀಟಿ ಮಂಚದ ಮೇಲೆಯೇ ಇರಬೇಕು.

ಮೂರೂವರೆ ಅಂಗುಲದ ಲೆಕ್ಕವನ್ನು ಓದಿ ನಗುವವರಿದ್ದಾರೆ. ಅದರ ಹಿಂದಿನ ಕಾರಣ ನಗುವಂಥದ್ದಲ್ಲ. ಚಿಕ್ಕ ಮಗುವಿನ ದೇಹ ನುಸುಳುವ ಸಂದಿನಲ್ಲಿ ಅದರ ತಲೆ ನುಸುಳುವುದಿಲ್ಲ. ನಿದ್ದೆಯಲ್ಲಿ ಜಾರಿದ ಮಗುವಿನ ಕಾಲು, ಹೊಟ್ಟೆ, ಎದೆ ಎಲ್ಲವೂ ಕಂಬಿಯ ಕೆಳಗಿನಿಂದ ಹೊರಗೆ ತೂಗಿ, ಕುತ್ತಿಗೆಯ ಬಳಿ ಸಿಕ್ಕಿಕೊಳ್ಳುತ್ತದೆ. ಗೋಡೆಗೂ ಮಂಚಕ್ಕೂ ನಡುವಿನ ಜಾಗದಲ್ಲೂ ಇದೇ ಆಗುತ್ತದೆ. ‘ಗೋಡೆಯ ಕಡೆ ಕಂಬಿ ಯಾಕೆ, ಗೋಡೆಯೇ ಇದೆಯಲ್ಲ’ ಎಂದು ಇನ್ನೂರು ರೂಪಾಯಿ ಉಳಿಸುವ ಅಂಗಡಿಯವನಿಗೂ, ಅದಕ್ಕೆ ಒಪ್ಪುವ ತಂದೆಗೂ ಇದು ತಿಳಿದಿರುವುದಿಲ್ಲ.

2008ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು 1990ರಿಂದ 2005ರ ವರೆಗಿನ ತುರ್ತು ಚಿಕಿತ್ಸಾ ವಿಭಾಗಗಳ ದಾಖಲೆಗಳನ್ನು ಪರಿಶೀಲಿಸಿತ್ತು. ಅದರ ಪ್ರಕಾರ ವರ್ಷಕ್ಕೆ ಸರಾಸರಿ 36,000ದಷ್ಟು ಮಕ್ಕಳು ಮತ್ತು ತರುಣರು ಈ ಮಂಚಗಳಿಂದಾದ ಗಾಯಗಳೊಂದಿಗೆ ಆಸ್ಪತ್ರೆಗೆ ಬಂದಿದ್ದರು. ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಕಾರಣ ಬೀಳುವಿಕೆ. ನಿಯಮ, ತಪಾಸಣೆ, ದಂಡ ಎಲ್ಲವೂ ಇರುವ ದೇಶದ ಲೆಕ್ಕ ಇದು. ಅಂಥ ಯಾವ ಲೆಕ್ಕವೂ ನಮ್ಮಲ್ಲಿಲ್ಲ. ನಮ್ಮ ಆಸ್ಪತ್ರೆಗಳ ಚೀಟಿಯಲ್ಲಿ ‘ಬಿದ್ದು ಗಾಯ’ ಎಂದಿರುತ್ತದೆಯೇ ಹೊರತು ಎಲ್ಲಿಂದ ಬಿದ್ದ ಎಂದಿರುವುದು ಅಪರೂಪ.

ಇವಕ್ಕೆ ನಮ್ಮದೇ ಆದ ಅಪಾಯಗಳನ್ನೂ ಸೇರಿಸಿಕೊಳ್ಳಬೇಕು. ನಮ್ಮ ತಗ್ಗು ಆರ್‌ಸಿಸಿ ಸೂರುಗಳಿಂದ ಫ್ಯಾನು ತೂಗುತ್ತಿರುತ್ತದೆ. ಮೇಲಿನ ಮಂಚದಲ್ಲಿ ಎದ್ದು ಕುಳಿತ ಮಗುವಿನ ಕೈ ಎಟುಕುವಷ್ಟು ದೂರದಲ್ಲಿ ಅದರ ರೆಕ್ಕೆ ತಿರುಗುತ್ತಿರುತ್ತದೆ. ಸೊಳ್ಳೆ ಪರದೆಯ ದಾರ, ಒಣಹಾಕಿದ ದುಪಟ್ಟಾ, ಬ್ಯಾಗಿನ ಪಟ್ಟಿ ಎಲ್ಲವೂ ಮೇಲಿನ ಕಂಬಿಗೆ ನೇತಾಡುತ್ತಿರುತ್ತವೆ, ಕೆಳಗೆ ಮಲಗಿದ ಮಗುವಿನ ಕುತ್ತಿಗೆಯ ಮಟ್ಟಕ್ಕೆ. ಎಂಟು ಅಂಗುಲದ ದಪ್ಪ ಹಾಸಿಗೆ ತಂದು ಹಾಕಿದರೆ ಇದ್ದ ತಡೆಗಂಬಿಯೂ ಹಾಸಿಗೆಯ ಅಂಚಿಗೆ ಸಮವಾಗಿ ಬಿಡುತ್ತದೆ. ಹಬ್ಬದ ದಿನ ಬಂಧುಗಳ ಮಕ್ಕಳೆಲ್ಲ ಒಟ್ಟಿಗೆ ಮೇಲಂತಸ್ತಿಗೆ ಏರಿದಾಗ ಒಂದೂವರೆ ಅಂಗುಲದ ಪೊಳ್ಳು ಪೈಪು ಎಷ್ಟು ಭಾರ ತಡೆಯಬಲ್ಲದೆಂದು ಯಾರೂ ಕೇಳುವುದಿಲ್ಲ.

‘ಅಮೆರಿಕದ ಕಥೆಗೂ ಮೊಳಕಾಲ್ಮೂರಿಗೂ ಏನು ಸಂಬಂಧ?’ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳನ್ನು 2002ರ ನಂಜುಂಡಪ್ಪ ಸಮಿತಿಯ ವರದಿಯು ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತ್ತು. ಮಳೆ ಕೈಕೊಟ್ಟರೆ ಕಡಲೆಕಾಯಿ ಬೆಳೆ ಹೋಯಿತು, ಬೆಳೆ ಹೋದರೆ ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರು ಎಂಬ ಸೀಮೆ ಇದು. ಇಂಥ ಕುಟುಂಬಗಳಿಗೆ ಹಾಸ್ಟೆಲ್ ಎಂಬುದು ಸೌಕರ್ಯವಲ್ಲ, ಮಗುವಿನ ಎರಡು ಹೊತ್ತಿನ ಊಟ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ವಸತಿ ನಿಲಯಗಳು, ಮೊರಾರ್ಜಿ ದೇಸಾಯಿ ಶಾಲೆಗಳು, ಮಠಗಳ ಹಾಸ್ಟೆಲುಗಳು, ನಮ್ಮ ವಸತಿ ಮದ್ರಸಗಳು ಎಲ್ಲವೂ ಈ ಬಡವರ ಮಕ್ಕಳಿಂದಲೇ ತುಂಬಿವೆ. ಮಗುವಿನ ತಲೆಯ ಬೆಲೆ ಯಾವ ಧರ್ಮದ ಸೂರಿನ ಕೆಳಗಾದರೂ ಒಂದೇ. ಸಿದ್ದಾಪುರದ ನಾಯಕರ ಹುಡುಗನೂ ಚಳ್ಳಕೆರೆಯ ಹಮಾಲಿಯ ಮಗನೂ ಏರುವುದು ಅದೇ ಟೆಂಡರಿನ ‘ಟೂ ಟಯರ್ ಕಾಟ್’. ಕಡಿಮೆ ಬೆಲೆ ಕೂಗಿದವನಿಗೆ ಟೆಂಡರ್, ಕಡಿಮೆ ಬೆಲೆಗೆ ತೆಳು ಪೈಪು, ತೆಳು ಪೈಪಿಗೆ ಚುಕ್ಕೆ ಬೆಸುಗೆ.

ಸಿದ್ದಾಪುರದ ಹೆಸರು ಬಂದಿದ್ದರಿಂದ ಒಂದು ಮಾತು. 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದ್ದು ಈ ಸಿದ್ದಾಪುರದಲ್ಲಿ, ಪಕ್ಕದ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರದಲ್ಲಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದು. ಮೊದಲು ಅವರ ಆರೋಗ್ಯ ವಿಚಾರಿಸಿ, ನಂತರ ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಗುರುವಿನ ಗೌರವದ ಬಗ್ಗೆ ಹೇಳುತ್ತದೆ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಹೋದ ಸುತ್ತೋಲೆ ಎಂದರೂ ತಪ್ಪಲ್ಲ. ಎರಡು ಸಾವಿರ ವರ್ಷ ಕಳೆದರೂ ಅದು ಓದಲು ಸಿಗುತ್ತದೆ. ಇಂದಿನ ವಸತಿ ನಿಲಯದ ಮಂಚ ಹೇಗಿರಬೇಕೆಂಬ ಸುತ್ತೋಲೆಯನ್ನು ಅದೇ ಊರಿನ ಪೋಷಕನೊಬ್ಬ ಓದಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು! ಹಾಕಲಿ. 2005ರ ಆ ಕಾಯ್ದೆಯಡಿ ಟೆಂಡರಿನ ನಿರ್ದಿಷ್ಟತೆ, ಪೂರೈಕೆದಾರನ ಹೆಸರು, ಸ್ವೀಕರಿಸಿದ ಅಧಿಕಾರಿಯ ಸಹಿ ಇವೆಲ್ಲವನ್ನೂ ಕೇಳುವ ಅಧಿಕಾರ ಅವನಿಗಿದೆ.

ಭಾರತದಲ್ಲಿ ಮಾನದಂಡವೇ ಇಲ್ಲವೆಂದು ಭಾವಿಸಬೇಡಿ. ಭಾರತೀಯ ಮಾನಕ ಬ್ಯೂರೋ ಎರಡಂತಸ್ತಿನ ಮಂಚಗಳಿಗೆಂದೇ ಐಎಸ್ 17636 ಎಂಬ ಮಾನದಂಡವನ್ನು ಪ್ರಕಟಿಸಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಪೀಠೋಪಕರಣಗಳ ಗುಣಮಟ್ಟ ನಿಯಂತ್ರಣ ಆದೇಶದ ಪಟ್ಟಿಯಲ್ಲಿ ಕುರ್ಚಿ, ಮೇಜು, ಕಪಾಟುಗಳ ಜೊತೆಗೆ ಈ ಮಂಚವೂ ಸೇರಿದೆ. ತಯಾರಕರಿಗೆ ಸಿದ್ಧತೆಗಾಗಿ ಒಂದು ವರ್ಷದ ಗಡುವನ್ನೂ ಕೊಡಲಾಗಿತ್ತು. ಅಂದರೆ ‘ಇಂಥದ್ದೊಂದು ಅಪಾಯ ಇದೆಯೆಂದು ನಮಗೆ ಗೊತ್ತಿರಲಿಲ್ಲ’ ಎಂದು ಇನ್ನು ಯಾವ ತಯಾರಕನೂ, ಯಾವ ಖರೀದಿ ಸಮಿತಿಯೂ ಹೇಳುವಂತಿಲ್ಲ. ಆದೇಶದ ಜಾರಿ ಎಷ್ಟೇ ಕುಂಟಲಿ, ಒಳ್ಳೆಯ ಮಂಚ ಹೇಗಿರಬೇಕೆಂಬುದಕ್ಕೆ ಆ ಮಾನದಂಡವು ನ್ಯಾಯಾಲಯದಲ್ಲಿ ಅಳತೆಗೋಲಾಗಬಲ್ಲುದು.

ಇನ್ನು ವಿಧಿಯ ಮಾತಿಗೆ ಬರುತ್ತೇನೆ. ಆ ಹುಡುಗ ಬಿದ್ದ ವರ್ಷವೇ ನಾವು ಮೇಲಿನ ತರಗತಿಯಲ್ಲಿ ‘ಹಿದಾಯ’ ಓದುತ್ತಿದ್ದೆವು. ಅದರಲ್ಲಿ ಬಾಗಿದ ಗೋಡೆಯ ಅಧ್ಯಾಯವಿದೆ. ಒಬ್ಬನ ಗೋಡೆ ದಾರಿಯ ಕಡೆಗೆ ವಾಲಿದೆ. ಜನರು ಬಂದು ಅದನ್ನು ಕೆಡವು ಎಂದು ಕೇಳಿಕೊಂಡು, ಅದಕ್ಕೆ ಸಾಕ್ಷಿಯನ್ನೂ ಇಟ್ಟಿದ್ದಾರೆ. ಕೆಡವಲು ಬೇಕಾದಷ್ಟು ಸಮಯವಿದ್ದರೂ ಆತ ಕೆಡವಲಿಲ್ಲ. ಗೋಡೆ ಬಿದ್ದು ದಾರಿಹೋಕನೊಬ್ಬ ಸತ್ತರೆ ಗೋಡೆಯ ಯಜಮಾನ ಹೊಣೆಗಾರ. ಸಾರ್ವಜನಿಕ ದಾರಿಯಲ್ಲಿ ಗುಂಡಿ ತೋಡಿದವನೂ ಹಾಗೆಯೇ. ಗುಂಡಿಗೆ ಬಿದ್ದವನ ಮರಣ ಅಲ್ಲಾಹನ ಜ್ಞಾನದಲ್ಲಿತ್ತು ಎಂಬುದರಲ್ಲಿ ಯಾವ ಫಕೀಹನಿಗೂ ಸಂಶಯವಿಲ್ಲ. ಆದರೆ ಆ ಕಾರಣಕ್ಕಾಗಿ ತೋಡಿದವನನ್ನು ಬಿಟ್ಟುಬಿಡಿ ಎಂದು ಯಾವ ಫಕೀಹನೂ ಹೇಳಿಲ್ಲ. ಬೆಸುಗೆ ಬಿಟ್ಟ ಕಂಬಿಗೂ ಬಾಗಿದ ಗೋಡೆಗೂ ಏನು ವ್ಯತ್ಯಾಸ? ನಮ್ಮ ಉಸ್ತಾದರು ಆ ಅಧ್ಯಾಯವನ್ನು ಸೊಗಸಾಗಿ ಪಾಠ ಮಾಡಿದರು. ತರಗತಿಯ ಹೊರಗೆ ಹತ್ತು ಹೆಜ್ಜೆ ದೂರದಲ್ಲಿ ನೈಲಾನ್ ಹಗ್ಗ ಕಟ್ಟಿದ ಮಂಚವಿತ್ತು. ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಗಾಯಗಳ ಪರಿಹಾರಕ್ಕೂ ಫಿಕ್‌ಹ್‌ನಲ್ಲಿ ಲೆಕ್ಕವಿದೆ. ಒಂದು ಬೆರಳಿಗೆ ಹತ್ತು ಒಂಟೆ, ಒಂದು ಹಲ್ಲಿಗೆ ಐದು. ತಲೆಯ ಅಥವಾ ಮುಖದ ಎಲುಬು ಕಾಣುವಂಥ ಗಾಯಕ್ಕೆ ‘ಮೂಝಿಹ’ ಎಂದು ಹೆಸರು. ಅದಕ್ಕೂ ಐದು ಒಂಟೆ. ಆ ಹಮಾಲಿ ತಂದೆಗೆ ಒಂದು ಒಂಟೆಯ ಬಾಲವೂ ಸಿಗಲಿಲ್ಲ, ಸಿಕ್ಕಿದ್ದು ಅರ್ಧ ಕಪ್ ಚಹಾ. ಮಗುವಿನ ರಕ್ತಕ್ಕೆ ಹಣ ಕೇಳುವುದು ನಾಚಿಕೆಗೇಡು ಎಂದು ನಮ್ಮ ಹಿರಿಯರು ಹೇಳುವಾಗ, ಅವರು ಧರ್ಮವನ್ನು ಹೇಳುತ್ತಿಲ್ಲ, ತಮ್ಮ ಸಂಕೋಚವನ್ನು ಧರ್ಮದ ಹೆಸರಿನಲ್ಲಿ ಹೇಳುತ್ತಿದ್ದಾರೆ. ಅಷ್ಟಕ್ಕೂ ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನು ತನ್ನ ರಕ್ಷಣೆಯ ಹೊಣೆಯನ್ನು ತಾನೇ ಕಳೆದುಕೊಂಡಂತೆ ಎಂಬರ್ಥದ ಎಚ್ಚರಿಕೆ ಪ್ರವಾದಿ(ಸ)ಯವರಿಂದ ಬಂದಿದೆ. ಅದನ್ನು ಸುನನ್ ಅಬೂದಾವೂದ್‌ನಲ್ಲಿ ಓದಿದವರು ಊರೂರಿನಲ್ಲಿದ್ದಾರೆ. ಅಂಚಿಲ್ಲದ ಎತ್ತರದಲ್ಲಿ ಮಲಗಬಾರದೆಂಬ ಈ ತಿಳಿವಳಿಕೆ ನಮಗೆ ಹದಿನಾಲ್ಕು ಶತಮಾನಗಳಷ್ಟು ಹಳೆಯದು. ಅದನ್ನು ಮೇಲಿನ ಮಂಚಕ್ಕೆ ಅನ್ವಯಿಸಲು ಅಮೆರಿಕದ ಆಯೋಗ ಬೇಕಿರಲಿಲ್ಲ.

ಸರಿ, ಹೊಣೆ ಕೇಳಬೇಕೆಂದರೆ ಎಲ್ಲಿಗೆ ಹೋಗಬೇಕು? ಇಲ್ಲಿ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ನೋಡಬೇಕಾಗುತ್ತದೆ. ಮನೆಗೆ ಕೊಂಡ ಮಂಚದ್ದು ಒಂದು, ಹಾಸ್ಟೆಲಿನ ಮಂಚದ್ದು ಇನ್ನೊಂದು.

ಮನೆಯ ಮಂಚದ ವಿಷಯದಲ್ಲಿ ಕಾನೂನು ಇಂದು ಪೋಷಕರ ಪರವಾಗಿ ಸಾಕಷ್ಟು ಗಟ್ಟಿಯಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದಾಗ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಹೊಸ ಅಧ್ಯಾಯವನ್ನು ತಂದಿತು. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಸೂಚನೆ ಮತ್ತು ಎಚ್ಚರಿಕೆ ಕೊಡದಿರುವುದು, ಇವುಗಳಲ್ಲಿ ಒಂದಿದ್ದರೂ ಉಂಟಾದ ಹಾನಿಗೆ ತಯಾರಕ ಹೊಣೆ. ಹಾನಿ ಎಂಬುದರಲ್ಲಿ ದೈಹಿಕ ಗಾಯವೂ ಸೇರುತ್ತದೆ, ಅದರಿಂದಾದ ಮಾನಸಿಕ ಯಾತನೆಯೂ ಸೇರುತ್ತದೆ. ತಯಾರಕ ಯಾರೆಂದೇ ತಿಳಿಯದಿದ್ದರೆ ಮಾರಿದವನನ್ನು ಹಿಡಿಯಬಹುದು. ತಂದೆ ಕೊಂಡ ಮಂಚದಲ್ಲಿ ಮಲಗುವ ಮಗುವೂ ಈ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕನೇ. ಕಾಯ್ದೆಯ 34ನೇ ವಿಭಾಗದ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಚ ಬೆಂಗಳೂರಿನದ್ದಾಗಲಿ, ಆನ್‌ಲೈನಿನಲ್ಲಿ ದಿಲ್ಲಿಯಿಂದ ಬಂದದ್ದಾಗಲಿ, ಸಿದ್ದಾಪುರದವನು ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಿದರೆ ಸಾಕು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಆದರೆ ಎರಡು ವರ್ಷಗಳ ಒಳಗೆ ದೂರು ಕೊಡಬೇಕು. ತಡವಾದರೆ ಸಕಾರಣ ತೋರಿಸಿ ಕ್ಷಮೆ ಕೇಳಬೇಕಾಗುತ್ತದೆ, ಆಯೋಗ ಒಪ್ಪಿದರುಂಟು. ಅಗತ್ಯವಿದ್ದರೆ ಆಯೋಗವೇ ಮಂಚವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಬಹುದು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ; ನಮ್ಮ ದೇಶದಲ್ಲಿ ತಿಂಗಳೆಂದರೆ ಎಷ್ಟು ದಿನ ಎಂಬುದನ್ನು ಓದುಗರು ಬಲ್ಲರು.

ಎದುರು ಪಕ್ಷದವರು ಏನು ಹೇಳುತ್ತಾರೆಂಬುದನ್ನೂ ತಿಳಿದಿರಬೇಕು. ‘ಎತ್ತರದಿಂದ ಬಿದ್ದರೆ ಪೆಟ್ಟಾಗುತ್ತದೆಂದು ಎಲ್ಲರಿಗೂ ಗೊತ್ತು, ಅದಕ್ಕೆ ಎಚ್ಚರಿಕೆ ಏಕೆ?’ ಎನ್ನುತ್ತಾರೆ. ಕಣ್ಣಿಗೆ ಕಾಣುವ ಅಪಾಯಕ್ಕೆ ಎಚ್ಚರಿಕೆ ಕೊಡದಿದ್ದರೆ ಹೊಣೆಯಿಲ್ಲ ಎಂಬ ವಿನಾಯಿತಿ 87ನೇ ವಿಭಾಗದಲ್ಲಿ ಇದೆ ಕೂಡಾ. ಆದರೆ ಆ ವಿನಾಯಿತಿ ಎಚ್ಚರಿಕೆಯ ಮಟ್ಟಿಗೆ ಮಾತ್ರ. ಗಿಡ್ಡ ಕಂಬಿ ವಿನ್ಯಾಸದ ದೋಷ, ಬಿಟ್ಟುಹೋದ ಬೆಸುಗೆ ತಯಾರಿಕೆಯ ದೋಷ. ಅವುಗಳಿಗೆ ಅದು ರಕ್ಷಣೆಯಾಗದು. ಮತ್ತು ಕಂಬಿಯ ಸಂದಿನಲ್ಲಿ ಕುತ್ತಿಗೆ ಸಿಲುಕುತ್ತದೆಂಬುದು ಎಷ್ಟು ತಾಯಂದಿರಿಗೆ ಕಣ್ಣಿಗೆ ಕಾಣುವ ಅಪಾಯ? ಆದರೆ ಮಂಚವನ್ನು ಕೊಂಡ ಮೇಲೆ ನೀವೇ ಕಂಬಿ ಕಳಚಿದ್ದರೆ, ಕತ್ತರಿಸಿ ಎತ್ತರಿಸಿದ್ದರೆ ಪ್ರಕರಣ ಬಿದ್ದು ಹೋಗುವ ಸಾಧ್ಯತೆ ಹೆಚ್ಚು. ಬಿಲ್ಲಿನ ತೊಂದರೆಯೂ ಇದೆ. ತೆರಿಗೆ ಉಳಿಸಲು ಬಿಲ್ಲು ಬೇಡವೆಂದ ಗಿರಾಕಿ ತನ್ನ ಸಾಕ್ಷಿಯನ್ನೂ ಅಲ್ಲಿಯೇ ಬಿಟ್ಟು ಬಂದಿರುತ್ತಾನೆ. ಮೊಬೈಲಿನಿಂದ ಹಣ ಕಳಿಸಿದ್ದರೆ ಆ ದಾಖಲೆಯಾದರೂ ಉಳಿದಿರುತ್ತದೆ.

ಹಾಸ್ಟೆಲಿನ ಪ್ರಶ್ನೆ ಇದಕ್ಕಿಂತ ಜಟಿಲ. ಉಚಿತವಾಗಿ ನೀಡುವ ಸೇವೆಯನ್ನು ಗ್ರಾಹಕ ಕಾಯ್ದೆಯು ಸೇವೆಯೆಂದೇ ಪರಿಗಣಿಸುವುದಿಲ್ಲ. ಆದ್ದರಿಂದ ಸರಕಾರದ ಉಚಿತ ವಸತಿ ನಿಲಯದ ಮೇಲೆ ಅಲ್ಲಿ ದೂರು ನಿಲ್ಲುವುದಿಲ್ಲ. ಶುಲ್ಕ ಪಡೆಯುವ ಖಾಸಗಿ ಸಂಸ್ಥೆಗಳಾದರೂ ಸಿಗುತ್ತವೆಯೇ ಎಂದರೆ, 2020ರ ಜನವರಿಯಲ್ಲಿ ಮನು ಸೋಳಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠವು, ಕೋಚಿಂಗ್ ಕೇಂದ್ರಗಳನ್ನು ಬಿಟ್ಟು, ಶಿಕ್ಷಣ ಸಂಸ್ಥೆಗಳು ಮತ್ತು ಅವು ನಡೆಸುವ ಪ್ರವಾಸ, ಈಜು, ಕ್ರೀಡೆಗಳಂಥ ಚಟುವಟಿಕೆಗಳೂ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದಿತು. ಇದೆಂತಹ ನ್ಯಾಯ? ಮಿಕ್ಸಿ ಕೆಟ್ಟರೆ ಕೇಳಬಹುದು, ಮಗುವನ್ನು ಒಪ್ಪಿಸಿದ ಜಾಗ ಕೆಟ್ಟದ್ದಿದ್ದರೆ ಕೇಳುವಂತಿಲ್ಲ! ಈ ತೀರ್ಪು ಹೊರಬಿದ್ದ ಮೇಲೆ ನಮ್ಮ ಸಂಘಟನೆಗಳಲ್ಲಿ ಒಂದಾದರೂ ಒಂದು ಹೇಳಿಕೆ ಕೊಟ್ಟದ್ದು ನನಗೆ ನೆನಪಿಲ್ಲ. ಆದರೂ ಮಂಚದ ತಯಾರಕನ ವಿರುದ್ಧ ಉತ್ಪನ್ನ ಹೊಣೆಗಾರಿಕೆಯ ದೂರು ಕೊಡಬಹುದೆಂದು ವಾದಿಸಲು ಅವಕಾಶವಿದೆ. ಖರೀದಿಸಿದವರ ಅನುಮತಿಯಿಂದ ವಸ್ತುವನ್ನು ಬಳಸುವವನೂ ಗ್ರಾಹಕನೆಂದು ಕಾಯ್ದೆಯೇ ಹೇಳುತ್ತದೆ. ಯಾರಾದರೊಬ್ಬರು ಈ ವಾದವನ್ನು ಮುಂದಿಡಬೇಕಿದೆ.

ಗ್ರಾಹಕ ಆಯೋಗದ ಬಾಗಿಲು ಮುಚ್ಚಿದರೆ ಎಲ್ಲ ಬಾಗಿಲುಗಳೂ ಮುಚ್ಚಿದಂತಲ್ಲ. 1995ರ ಮೇ ತಿಂಗಳಲ್ಲಿ ಪಂಜಾಬಿನ ಡಾಲ್‌ಹೌಸಿ ಪಬ್ಲಿಕ್ ಸ್ಕೂಲಿನ 14 ಮಕ್ಕಳು ಪಿಕ್‌ನಿಕ್‌ಗೆ ಹೋಗಿ ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯವೇ ಕಾರಣವೆಂದು, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದ ಹೈಕೋರ್ಟಿನ ಆದೇಶವನ್ನು 2001ರಲ್ಲಿ ಸುಪ್ರೀಮ್ ಕೋರ್ಟ್ ಎತ್ತಿ ಹಿಡಿಯಿತು. ಮಕ್ಕಳನ್ನು ವಹಿಸಿಕೊಂಡವರು ತಂದೆತಾಯಿಯ ಜಾಗದಲ್ಲಿ ನಿಲ್ಲುತ್ತಾರೆ, ಎಚ್ಚರ ತಪ್ಪಿದರೆ ಬೆಲೆ ತೆರುತ್ತಾರೆ ಎಂಬುದು ಅದರ ತಾತ್ಪರ್ಯ. ಇದೇ ಆಧಾರದ ಮೇಲೆ ಸಿವಿಲ್ ನ್ಯಾಯಾಲಯದಲ್ಲಿ ಮಗುವಿನ ಪರವಾಗಿ ತಂದೆಯೋ ತಾಯಿಯೋ ದಾವೆ ಹೂಡಬಹುದು. ಸರಕಾರಿ ನಿಲಯವಾದರೆ ಸಂವಿಧಾನದ 226ನೇ ವಿಧಿಯಡಿ ನೇರವಾಗಿ ಹೈಕೋರ್ಟಿಗೆ ಹೋಗಬಹುದು. ಚಿತ್ರದುರ್ಗ ಜಿಲ್ಲೆಯವರಿಗೆ ಅದು ಬೆಂಗಳೂರಿನ ಪ್ರಧಾನ ಪೀಠ. ಗಂಭೀರ ಗಾಯವಾಗಿದ್ದರೆ ಪೊಲೀಸ್ ದೂರಿಗೂ ಅವಕಾಶವಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ವಿಭಾಗ ನಿರ್ಲಕ್ಷ್ಯದಿಂದಾದ ಗಾಯಕ್ಕೆ, 106ನೇ ವಿಭಾಗ ಸಾವಿಗೆ ಅನ್ವಯವಾಗುತ್ತದೆ. ಮಕ್ಕಳ ಆರೈಕೆಯ ಹೊಣೆ ಹೊತ್ತ ಸಂಸ್ಥೆಯವರು ಬೇಕೆಂದೇ ಅವರನ್ನು ಕಡೆಗಣಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ವಿಭಾಗದಡಿ ಐದು ವರ್ಷಗಳ ವರೆಗೆ ಸೆರೆವಾಸವಿದೆ. ಕಂಬಿ ಮುರಿದಿದೆಯೆಂದು ಬರೆದು ಕೊಟ್ಟ ಮೇಲೂ ಸುಮ್ಮನಿದ್ದ ವಾರ್ಡನ್ ‘ಬೇಕೆಂದೇ’ ಎಂಬ ಪದದ ಹತ್ತಿರ ಬರುತ್ತಾನೋ ಇಲ್ಲವೋ ಎಂಬುದನ್ನು ನ್ಯಾಯಾಧೀಶರೇ ನಿರ್ಧರಿಸಲಿ.

ವಕೀಲರಿಗೆ ದುಡ್ಡೆಲ್ಲಿ ಎನ್ನುವವರು ಇದನ್ನು ಓದಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ವಿಭಾಗದಂತೆ ಮಕ್ಕಳು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯವೆಷ್ಟೇ ಇರಲಿ, ಉಚಿತ ವಕೀಲರಿಗೆ ಅರ್ಹರು. ಗಾಯಗೊಂಡದ್ದು ಮಗುವೇ ಆದ್ದರಿಂದ ಬೇರೆ ಅರ್ಹತೆಯ ಪ್ರಶ್ನೆಯೇ ಬಾರದು. ಅದಕ್ಕಾಗಿ 15100 ಎಂಬ ಸಹಾಯವಾಣಿಯಿದೆ.

ಇಷ್ಟೆಲ್ಲ ದಾರಿಗಳಿದ್ದೂ ಜನರು ಹೋಗುವುದಿಲ್ಲವೇಕೆ? ಬಡತನ, ದೂರ, ಭಯ ಇವೆಲ್ಲ ನಿಜ. ಮಗುವನ್ನು ಹಾಸ್ಟೆಲಿನಿಂದ ತೆಗೆದುಬಿಟ್ಟಾರೆಂಬ ಭಯ ಎಲ್ಲಕ್ಕಿಂತ ದೊಡ್ಡದು. ಆದರೆ ಬಿದ್ದವನದ್ದೇ ತಪ್ಪು ಎಂಬ ಮಾತನ್ನು ಅಧಿಕಾರಸ್ಥರು ಎಷ್ಟು ಸರಾಗವಾಗಿ ಆಡುತ್ತಾರೆಂದರೆ, ಕೇಳುವವರಿಗೂ ಅದೇ ಸತ್ಯವೆನಿಸಿ ಬಿಡುತ್ತದೆ. 2024ರ ಜೂನ್‌ನಲ್ಲಿ ಎರ್ನಾಕುಳಂನಿಂದ ಹಝ್ರತ್ ನಿಝಾಮುದ್ದೀನಿಗೆ ಹೋಗುತ್ತಿದ್ದ ರೈಲಿನಲ್ಲಿ, ತೆಲಂಗಾಣದ ಬಳಿ, ಕೆಳಗಿನ ಬರ್ತಿನಲ್ಲಿದ್ದ ಕೇರಳದ ಪ್ರಯಾಣಿಕರೊಬ್ಬರ ಮೇಲೆ ಮೇಲಿನ ಬರ್ತ್ ಕುಸಿಯಿತು. ಕುತ್ತಿಗೆಗೆ ಪೆಟ್ಟಾಗಿ ಅವರು ಆಸ್ಪತ್ರೆಯಲ್ಲಿ ಮೃತಪಟ್ಟರು. ಬರ್ತಿನಲ್ಲಿ ದೋಷವಿಲ್ಲ, ಮೇಲಿದ್ದ ಪ್ರಯಾಣಿಕ ಸರಪಳಿಯನ್ನು ಸರಿಯಾಗಿ ಸಿಕ್ಕಿಸಿರಲಿಲ್ಲ ಎಂದಿತು ರೈಲ್ವೆ ಇಲಾಖೆ. ಸರಿಯಾಗಿ ಸಿಕ್ಕಿಸದಿದ್ದರೆ ಮನುಷ್ಯನನ್ನು ಕೊಲ್ಲಬಲ್ಲ ಸರಪಳಿಯನ್ನು ಲಕ್ಷಾಂತರ ಜನರ ತಲೆಯ ಮೇಲೆ ತೂಗುಹಾಕುವುದೇ ದೋಷವಲ್ಲವೇ ಎಂದು ಯಾರೂ ಕೇಳಲಿಲ್ಲ.

ಸಾವು ಸಂಭವಿಸಿದ ಮೇಲೆ ಮಾತ್ರ ಸರಕಾರಗಳು ಎಚ್ಚರಗೊಳ್ಳುತ್ತವೆ. ಕೊಪ್ಪಳದಲ್ಲಿ 2019ರ ಆಗಸ್ಟ್ 18ರಂದು, ಬಾಡಿಗೆ ಕಟ್ಟಡದಲ್ಲಿದ್ದ ಹಿಂದುಳಿದ ವರ್ಗಗಳ ವಸತಿ ನಿಲಯದಲ್ಲಿ ಸ್ವಾತಂತ್ರ್ಯ ದಿನದ ಧ್ವಜಸ್ತಂಭ ಇಳಿಸುತ್ತಿದ್ದ ಐವರು ವಿದ್ಯಾರ್ಥಿಗಳು ವಿದ್ಯುತ್ ತಂತಿ ತಗುಲಿ ಸತ್ತರು. ತಲಾ 5 ಲಕ್ಷ ಪರಿಹಾರ ಘೋಷಣೆಯಾಯಿತು. ಒಂದು ತಂತಿ ಐವರನ್ನು ಒಟ್ಟಿಗೆ ಕೊಂದದ್ದರಿಂದ ರಾಜ್ಯಕ್ಕೆ ಸುದ್ದಿಯಾಯಿತು. ಒಂದೊಂದು ಮಂಚದಿಂದ ಒಂದೊಂದು ಮಗು ಬಿದ್ದು ಕೈ ಮುರಿದುಕೊಂಡರೆ ಅದು ವಾರ್ಡನ್ನಿನ ಡೈರಿಯಲ್ಲೂ ದಾಖಲಾಗುವುದಿಲ್ಲ.

ಆದ್ದರಿಂದ ದಾಖಲಿಸುವ ಕೆಲಸವನ್ನು ಪೋಷಕರೇ ಮಾಡಬೇಕು. ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ಮಂಪರಿನಲ್ಲಿದ್ದರೆ ಮನೆಮದ್ದು, ಊದುವಿಕೆ ಎಂದು ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ‘ಹಾಸ್ಟೆಲಿನ ಮೇಲಿನ ಮಂಚದಿಂದ ಬಿದ್ದ’ ಎಂದೇ ಹೇಳಿ, ಎಂಎಲ್‌ಸಿ ದಾಖಲಿಸಲು ಕೇಳಿರಿ. ‘ಆಡುವಾಗ ಬಿದ್ದ ಎಂದು ಬರೆಸಿ, ಯಾಕೆ ಸುಮ್ಮನೆ ತಕರಾರು’ ಎನ್ನುವ ಹಿತೈಷಿಗಳು ಅಲ್ಲಿಯೂ ಬರುತ್ತಾರೆ. ಮಂಚ ರಿಪೇರಿಯಾಗುವ ಮೊದಲೇ ಅದರ ಫೋಟೊ ತೆಗೆಯಿರಿ, ಕಂಬಿಯ ಪಕ್ಕ ಅಳತೆ ಪಟ್ಟಿ ಹಿಡಿದು ತೆಗೆಯಿರಿ. ಇದಕ್ಕಿಂತ ಮೊದಲಿನ ಕೆಲಸ ಇನ್ನೊಂದಿದೆ: ಮಗುವನ್ನು ಸೇರಿಸಲು ಹೋದ ದಿನವೇ ಅವನ ಮಂಚವನ್ನು ಅಲುಗಾಡಿಸಿ ನೋಡಿ, ದೋಷವಿದ್ದರೆ ಬರೆದು ಕೊಟ್ಟು, ಪ್ರತಿಗೆ ಸಹಿ ಪಡೆಯಿರಿ. ಬಾಗಿದ ಗೋಡೆಯ ಯಜಮಾನನಿಗೆ ಸಾಕ್ಷಿ ಸಮೇತ ಹೇಳಿದಂತೆ ಅದು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚಳ್ಳಕೆರೆಯ ಬಡ ವೆಲ್ಡಿಂಗ್ ಅಂಗಡಿಯವನನ್ನು ಕೋರ್ಟಿಗೆಳೆದು ಬೀದಿಪಾಲು ಮಾಡಿರೆಂದು ನಾನು ಹೇಳುತ್ತಿಲ್ಲ. ಅವನಿಗೆ ಅಳತೆ ಹೇಳಿಕೊಟ್ಟವರಿಲ್ಲ. ಐದು ಅಂಗುಲ, ಮೂರೂವರೆ ಅಂಗುಲದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅವನು ಅದೇ ದರದಲ್ಲಿ ಒಳ್ಳೆಯ ಮಂಚ ಮಾಡಿಕೊಟ್ಟಾನು. ಹೊಣೆ ಕೇಳಬೇಕಾದದ್ದು ಮೊದಲು ಬ್ರಾಂಡಿನ ಹೆಸರಿನಲ್ಲಿ ಮಾರುವವರನ್ನು, ಟೆಂಡರ್ ಮಂಜೂರು ಮಾಡುವವರನ್ನು, ಮತ್ತು ಝಕಾತ್ ಸದಕಗಳ ಹಣದಲ್ಲಿ ಸಂಸ್ಥೆ ನಡೆಸುವ ನಮ್ಮ ಆಡಳಿತ ಸಮಿತಿಗಳನ್ನು. ಬಾಲನ್ಯಾಯದ 2016ರ ಮಾದರಿ ನಿಯಮಗಳು ಮಕ್ಕಳ ಆರೈಕೆ ಸಂಸ್ಥೆಗಳ ಮಲಗುವ ಹಾಲಿನಲ್ಲಿ ಮಗುವೊಂದಕ್ಕೆ 40 ಚದರಡಿ ಜಾಗ ಹೇಳುತ್ತವೆ. ನಮ್ಮ ಎಷ್ಟು ಮದ್ರಸಗಳು ಆ ಅಳತೆಗೆ ನಿಲ್ಲುತ್ತವೆ? ಜಾಗವಿಲ್ಲದ್ದಕ್ಕೇ ಮಂಚದ ಮೇಲೆ ಮಂಚ ಎನ್ನುತ್ತಾರೆ. ಆದರೆ ಗೇಟಿನ ಕಮಾನಿಗೆ ಮಾರ್ಬಲ್ ಹಾಕಿಸಲು, ವಾರ್ಷಿಕ ಜಲ್ಸಾದ ಪೆಂಡಾಲಿಗೆ ಹಣ ಇರುತ್ತದೆ.

ರಮಝಾನ್ ರಜೆಗೆ ಊರಿಗೆ ಹೋದ ಮಕ್ಕಳು ಶವ್ವಾಲ್‌ನಲ್ಲಿ ಮರಳುತ್ತಾರೆ. ಆ ನಡುವೆ ಹಾಲ್‌ಗಳು ಖಾಲಿ ಇರುತ್ತವೆ. ಒಬ್ಬ ವೆಲ್ಡಿಂಗ್‌ನವನನ್ನು, ಒಂದು ಅಳತೆ ಪಟ್ಟಿಯನ್ನು ಜೊತೆಗಿಟ್ಟುಕೊಂಡು ಸಮಿತಿಯ ಅಧ್ಯಕ್ಷರು ಒಂದು ಮಧ್ಯಾಹ್ನ ಆ ಸಾಲುಗಳ ನಡುವೆ ನಡೆಯಲಿ. ಪ್ರತಿ ಮಂಚದ ಮೇಲಂತಸ್ತಿಗೆ ತಾವೇ ಒಮ್ಮೆ ಹತ್ತಿ, ದೀಪ ಆರಿಸಿ, ಕತ್ತಲಲ್ಲಿ ಇಳಿದು ನೋಡಲಿ.